ಬೆಟ್ಟವೇರುವ ಬಂಡಿಯಾಟವೂ ಒಳಮನೆಯ ಅಧಿಕಾರವೂ

೧. ಪೀಠಿಕೆ

ಮಕ್ಕಳ ಆಟಗಳ ವಿಚಾರವು ಪಂಡಿತರ ಲೇಖನಿಗೆ ತಕ್ಕುದಲ್ಲವೆಂದು ಕೆಲವರು ಭಾವಿಸಬಹುದು. ಆದರೆ ಜೂಜುಗಾರನ ದುಃಖವನ್ನು ಹೇಳುವ ಒಂದು ಸೂಕ್ತವು ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಇರುವುದನ್ನೂ, ಭಾರತಕಥೆಯ ಗತಿಯೆಲ್ಲವೂ ಸಭಾಪರ್ವದ ದ್ಯೂತದಿಂದಲೇ ತಿರುಗುವುದನ್ನೂ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಗೌರವದ ಸ್ಥಾನವನ್ನು ಕೊಟ್ಟಿರುವುದನ್ನೂ ನೆನೆದರೆ, ಈ ವಿಷಯವನ್ನೆತ್ತಿಕೊಂಡುದಕ್ಕೆ ವಾಚಕಮಹಾಶಯರ ಕ್ಷಮೆಯನ್ನು ಬೇಡಬೇಕಾದ ಆವಶ್ಯಕತೆಯು ಕಾಣುವುದಿಲ್ಲ. ಆಟದಲ್ಲಿ ಒಂದು ಜನಾಂಗದ ನಡೆ ಹೇಗೆ ತೋರುವುದೋ ನುಡಿಯೂ ಹಾಗೆಯೇ ತೋರುತ್ತದೆ.

ಈ ಲೇಖನಕ್ಕೆ ನಿಮಿತ್ತವಾದ ಸಂಗತಿಯು ಬಹಳ ಸಣ್ಣದು. ನಮ್ಮ ಮನೆಯಿರುವುದು ಹಾಸನ ಜಿಲ್ಲೆಯ ಆಲೂರು ಸಕಲೇಶಪುರ ಸೀಮೆಗಳು ಕೂಡುವ ಗುಡ್ಡಗಳ ನಡುವೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ದೀಪ ಹೋಗಿ ಜಗಲಿಯಲ್ಲಿ ಕುಳಿತಿದ್ದೆನು. ಸೋದರಳಿಯನ ಮಗನು, ಹನ್ನೊಂದು ವರ್ಷದವನು, ತಂದೆಯ ಮೊಬೈಲನ್ನು ಹಿಡಿದು ಮೂಲೆಯಲ್ಲಿ ಆಡುತ್ತಿದ್ದನು. ಅವನು ಇದ್ದಕ್ಕಿದ್ದಂತೆ ಎದ್ದು ಕುಣಿದು, “ತಾತ, ಚಂದ್ರ ಅನ್‌ಲಾಕ್ ಆಯ್ತು!” ಎಂದು ಕೂಗಿದನು. ಪಂಚಾಂಗವನ್ನು ನೋಡುವ ಅಭ್ಯಾಸವುಳ್ಳ ನನಗೆ ಚಂದ್ರನಿಗೆ ಗ್ರಹಣವುಂಟೆಂಬುದು ಗೊತ್ತಿತ್ತೇ ಹೊರತು ಬೀಗವುಂಟೆಂಬುದು ಗೊತ್ತಿರಲಿಲ್ಲ. “ಚಂದ್ರನಿಗೆ ಬೀಗ ಹಾಕಿದ್ದವರು ಯಾರಪ್ಪ? ಅದನ್ನು ಕನ್ನಡದಲ್ಲಿ ಹೇಳು” ಎಂದೆನು. ಹುಡುಗನು ಸ್ವಲ್ಪ ಹೊತ್ತು ಯೋಚಿಸಿ, “ಅದಕ್ಕೆ ಕನ್ನಡದಲ್ಲಿ ಇಲ್ಲ ತಾತ” ಎಂದನು.

ಈ ಉತ್ತರವು ನನ್ನ ಮನಸ್ಸಿನಲ್ಲಿ ನಾಟಿತು. ಪದವೊಂದು ಇಲ್ಲದಿದ್ದರೆ ಅಷ್ಟು ನಷ್ಟವಿಲ್ಲ, ಕಡ ತಂದರಾಯಿತು. ಆದರೆ ಅನ್ಯಭಾಷೆಯಲ್ಲಿ ಮಾತ್ರ ಹುಟ್ಟಬಹುದಾದ ಭಾವವೊಂದಿದೆ, ತನ್ನ ಮನೆಯ ಮಾತಿಗೆ ಅದು ನಿಲುಕದು ಎಂದು ಹನ್ನೊಂದು ವರ್ಷದ ಮಗು ನಂಬಿಬಿಟ್ಟರೆ ಆ ನಷ್ಟವು ದೊಡ್ಡದು. ಆ ನಂಬಿಕೆಯು ನಿಜವೇ ಎಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

೨. ಆಟದ ಸ್ವರೂಪ

ಹುಡುಗನು ಆಡುತ್ತಿದ್ದ ಆಟದ ಹೆಸರು ‘ಹಿಲ್ ಕ್ಲೈಂಬ್ ರೇಸಿಂಗ್’. ಫಿನ್ಲೆಂಡ್ ದೇಶದ ಊಲು ಪಟ್ಟಣದ ಫಿಂಗರ್‌ಸಾಫ್ಟ್ ಎಂಬ ಸಂಸ್ಥೆಯು ಇದನ್ನು ೨೦೧೨ರಲ್ಲಿ ಹೊರತಂದಿತು. ಇದನ್ನು ರಚಿಸಿದವರು ಟೋನಿ ಫಿಂಗರ್‌ರೂಸ್ ಎಂಬವರು. ಆಟದ ಚಿತ್ರಗಳು ಮಕ್ಕಳ ಪುಸ್ತಕದ ವ್ಯಂಗ್ಯಚಿತ್ರಗಳಂತೆ ಸರಳವಾಗಿವೆ. ಪರದೆಯ ಮೇಲೆ ಏರುತ್ತಲೂ ಇಳಿಯುತ್ತಲೂ ಹೋಗುವ ಒಂದು ನೆಲದ ಗೆರೆ. ಅದರ ಮೇಲೆ ಒಂದು ಕೆಂಪು ಜೀಪು. ಜೀಪಿನಲ್ಲಿ ನ್ಯೂಟನ್ ಬಿಲ್ ಎಂಬ ಸಾರಥಿ. ಆಕರ್ಷಣ ನಿಯಮವನ್ನು ನಿರೂಪಿಸಿದ ವಿಜ್ಞಾನಿಯ ಹೆಸರು ಈ ಸಾರಥಿಗಿರುವುದು ಅರ್ಥವತ್ತಾಗಿದೆ. ಏಕೆಂದರೆ ಆಟದ ರಸವೆಲ್ಲವೂ ಆ ನಿಯಮದಲ್ಲಿಯೇ ಅಡಗಿದೆ.

ಆಡುವವನಿಗೆ ಇರುವ ಸಾಧನಗಳು ಎರಡೇ: ಮುಂದೂಡುವ ಒಂದು ಮೆಟ್ಟು, ತಡೆಯುವ ಒಂದು ಮೆಟ್ಟು. ಬಂಡಿಯು ನೆಲದ ಮೇಲಿರುವಾಗ ಇವುಗಳ ಕೆಲಸವು ಎಲ್ಲರಿಗೂ ತಿಳಿದದ್ದೇ. ದಿಣ್ಣೆಯ ತುದಿಯಿಂದ ಚಿಮ್ಮಿ ಗಾಳಿಯಲ್ಲಿರುವಾಗ ಮಾತ್ರ ಇವು ಬೇರೆ ಕೆಲಸವನ್ನು ಮಾಡುತ್ತವೆ. ಮುಂದೂಡುವ ಮೆಟ್ಟನ್ನೊತ್ತಿದರೆ ಗಾಲಿಗಳು ಒಂದು ಕಡೆಗೆ ತಿರುಗಲು ಬಂಡಿಯ ಒಡಲು ಅದಕ್ಕೆದುರಾಗಿ ತಿರುಗಿ ಮೂತಿಯು ಮೇಲಕ್ಕೇಳುತ್ತದೆ. ತಡೆಯನ್ನೊತ್ತಿದರೆ ಮೂತಿಯು ಕೆಳಕ್ಕೆ ಬಾಗುತ್ತದೆ. ಇಳಿಜಾರಿಗೆ ಹೊಂದುವಂತೆ ಬಂಡಿಯನ್ನು ಗಾಳಿಯಲ್ಲಿಯೇ ಬಾಗಿಸಿ ನೆಲಕ್ಕಿಳಿಸುವುದೇ ಕೌಶಲ. ಸಾರಥಿಯ ತಲೆ ನೆಲಕ್ಕೆ ಬಡಿದರೆ ಆಟ ಮುಗಿಯಿತು; ಇಂಧನ ತೀರಿದರೂ ಮುಗಿಯಿತು. ದಾರಿಯುದ್ದಕ್ಕೂ ನಾಣ್ಯಗಳೂ ಅಲ್ಲಲ್ಲಿ ಇಂಧನದ ಡಬ್ಬಗಳೂ ಇರುತ್ತವೆ.

ಈ ಸೀಮೆಯವರಿಗೆ ಇದೇನೂ ಹೊಸ ವಿದ್ಯೆಯಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು ೫೫ ಕಿಲೋಮೀಟರಿನ ರೈಲುದಾರಿಯು ೫೭ ಸುರಂಗಗಳನ್ನು ಹಾದು, ೫೦ ಮೊಳ ಸಾಗಿದರೆ ಒಂದು ಮೊಳ ಏರುವ ಪ್ರಮಾಣದಲ್ಲಿ ಘಟ್ಟವನ್ನು ಹತ್ತುತ್ತದೆ. ಶಿರಾಡಿಯ ಹೆದ್ದಾರಿಯಲ್ಲಿ ಹೊರೆ ಹೊತ್ತ ಲಾರಿಗಳು ಏರಿಗೆ ಮುಂಚೆಯೇ ಗೇರು ಬದಲಿಸುವ ಸದ್ದನ್ನು ಕೇಳಿಯೇ ಇಲ್ಲಿನ ಮಕ್ಕಳು ದೊಡ್ಡವರಾಗುತ್ತಾರೆ. ತೋಟದ ಕೆಸರುದಾರಿಯಲ್ಲಿ ಜೀಪು ಹತ್ತುವ ಬಗೆಯನ್ನು ಕಂಡ ಹುಡುಗನಿಗೆ, ಏರಿನ ನಡುವೆ ಆತುರಪಟ್ಟರೆ ಬಂಡಿಯ ಮೂತಿಯೇಳುವುದೆಂಬುದನ್ನು ಆಟವು ಹೊಸದಾಗಿ ಕಲಿಸಬೇಕಾಗಿಲ್ಲ.

ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಹೆಸರಿನಲ್ಲಿ ‘ರೇಸಿಂಗ್’ ಎಂದಿದ್ದರೂ ಈ ಆಟದಲ್ಲಿ ಪಕ್ಕದಲ್ಲಿ ಓಡುವ ಎದುರಾಳಿಯ ಬಂಡಿಯಿಲ್ಲ. ನಿನ್ನೆ ತಾನು ಮುಟ್ಟಿದ ದೂರವೇ ಇಂದು ಆಡುವವನಿಗೆ ಎದುರಾಳಿ. ಇತರರೊಡನೆ ಪಂದ್ಯ ಕಟ್ಟುವ ಏರ್ಪಾಡು ಮುಖ್ಯವಾಗಿ ಬಂದದ್ದು ೨೦೧೬ರಲ್ಲಿ ಹೊರಬಂದ ಎರಡನೆಯ ಆಟದಲ್ಲಿ. ಹಾಗಾದರೆ ಎದುರಾಳಿಯಿಲ್ಲದ ಓಟದಲ್ಲಿ ಮಗುವನ್ನು ಮರಳಿ ಮರಳಿ ಎಳೆಯುವ ಶಕ್ತಿ ಯಾವುದು? ಮುಚ್ಚಿಟ್ಟ ಬಾಗಿಲುಗಳೇ ಆ ಶಕ್ತಿ.

೩. ಮುಚ್ಚಿಟ್ಟ ಬಾಗಿಲುಗಳ ವಿಭಾಗ

ಮೊದಲ ದಿನ ಆಡುವವನಿಗೆ ದೊರೆಯುವುದು ಒಂದು ಜೀಪು, ಒಂದು ಹಳ್ಳಿಗಾಡಿನ ಹಾದಿ. ಮರುಭೂಮಿ, ಹಿಮಪ್ರದೇಶ, ಚಂದ್ರಲೋಕ ಮೊದಲಾದ ನೆಲಗಳ ಚಿತ್ರಗಳು ಕಣ್ಣಿಗೆ ಕಾಣುತ್ತವೆಯಾದರೂ ಅವುಗಳ ಮೇಲೆ ಬೀಗದ ಗುರುತಿರುತ್ತದೆ. ಸಾಕಷ್ಟು ನಾಣ್ಯಗಳನ್ನು ಕೂಡಿಸಿದಾಗ ಒಂದೊಂದಾಗಿ ಅವು ತೆರೆಯುತ್ತವೆ. ಇಂತಹ ಆಟಗಳಲ್ಲಿ ಆಡುವವನು ಸಾಧಿಸಿ ಪಡೆಯತಕ್ಕವುಗಳನ್ನು ನಾನು ಮೂರು ಬಗೆಯಾಗಿ ವಿಂಗಡಿಸುತ್ತೇನೆ.

ಮೊದಲನೆಯದು ದ್ವಾರರೂಪ. ಹೊಸ ನೆಲವೊಂದಕ್ಕೆ ಪ್ರವೇಶ ದೊರೆಯುವುದೇ ಇಲ್ಲಿ ಫಲ. ಎರಡನೆಯದು ಉಪಕರಣರೂಪ. ಇರುವ ಜೀಪಿನ ಎಂಜಿನು, ಗಾಲಿ, ಅದುರನ್ನು ತಡೆಯುವ ಸ್ಪ್ರಿಂಗುಗಳು ಇವನ್ನು ಬಲಪಡಿಸುವುದೂ ಬೇರೆ ಬಂಡಿಯನ್ನು ಪಡೆಯುವುದೂ ಇದರಲ್ಲಿ ಸೇರುತ್ತವೆ. ಮೂರನೆಯದು ಕೀರ್ತಿರೂಪ. ಇಷ್ಟು ದೂರವನ್ನು ಮುಟ್ಟಿದನು, ಗಾಳಿಯಲ್ಲಿ ಇಷ್ಟು ಲಾಗ ಹೊಡೆದನು ಎಂಬ ಸಾಹಸವನ್ನು ಗುರುತಿಸಿ ಕೊಡುವ ಬಿರುದು ಇದು. ಕೆಲವು ಸಲ ಬಿರುದಿನೊಡನೆ ನಾಣ್ಯವೂ ಬರುತ್ತದೆ. ಕೆಲವು ಸಲ ಬರಿಯ ಹೆಸರೇ ಫಲ.

ಈ ಮೂರೂ ಪಾಶ್ಚಾತ್ಯ ದೇಶಗಳಲ್ಲಿಯೂ ಜಪಾನಿನಲ್ಲಿಯೂ ಕ್ರಮಕ್ರಮವಾಗಿ ಬೆಳೆದುಬಂದವು. ೧೯೮೦ರಲ್ಲಿ ಅಮೆರಿಕಾ ದೇಶದ ಆಕ್ಟಿವಿಷನ್ ಸಂಸ್ಥೆಯು ಹೊರತಂದ ‘ಡ್ರ್ಯಾಗ್‌ಸ್ಟರ್’ ಎಂಬ ಓಟದ ಆಟದಲ್ಲಿ ಆರು ಸೆಕೆಂಡಿಗಿಂತ ಕಡಮೆ ಕಾಲದಲ್ಲಿ ಗುರಿಯನ್ನು ಮುಟ್ಟಿದವನು, ಪರದೆಯ ಛಾಯಾಚಿತ್ರವನ್ನು ತೆಗೆದು ಅಂಚೆಯಲ್ಲಿ ಕಳುಹಿಸಿದರೆ, ಅಂಗಿಗೆ ಹೊಲಿದುಕೊಳ್ಳುವ ಒಂದು ಬಟ್ಟೆಯ ಬಿಲ್ಲೆಯನ್ನು ಪಡೆಯುತ್ತಿದ್ದನು. ಇದು ಕೀರ್ತಿರೂಪಕ್ಕೆ ಹಳೆಯ ನಿದರ್ಶನ. ೧೯೯೨ರಲ್ಲಿ ನಿಂಟೆಂಡೊ ಸಂಸ್ಥೆಯಿಂದ ಬಂದ ‘ಸೂಪರ್ ಮಾರಿಯೋ ಕಾರ್ಟ್’ ಎಂಬ ವ್ಯಂಗ್ಯಚಿತ್ರಮಯವಾದ ಪಂದ್ಯದಲ್ಲಿ ಮೊದಲಿನ ಮೂರು ಪಂದ್ಯಮಾಲೆಗಳನ್ನು ಗೆದ್ದಲ್ಲದೆ ನಾಲ್ಕನೆಯದು ತೆರೆಯುತ್ತಿರಲಿಲ್ಲ. ಇದು ದ್ವಾರರೂಪಕ್ಕೆ ನಿದರ್ಶನ. ೨೦೦೫ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ೩೬೦ ಯಂತ್ರವು ಬಂದಮೇಲೆ ಎಲ್ಲ ಆಟಗಳ ಬಿರುದುಗಳನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿ ಬರೆದಿಡುವ ಪದ್ಧತಿಯು ನೆಲೆಗೊಂಡಿತು.

ಇದನ್ನೆಲ್ಲ ಕೇಳಿದ ಯಾರಿಗಾದರೂ, ಸಾಧನೆಯಿಂದ ಬಾಗಿಲು ತೆರೆಯುವ ಈ ಕಲ್ಪನೆಯು ಯಂತ್ರಯುಗದ್ದೇ ಎಂದು ತೋರುವುದು ಸಹಜ. ಆದರೆ ನಮ್ಮ ಜಗಲಿಯ ನೆಲವು ಬೇರೆ ಸಾಕ್ಷಿಯನ್ನು ನುಡಿಯುತ್ತದೆ.

೪. ಚೌಕಾಬಾರದ ಒಳಮನೆ

ಚೌಕಾಬಾರವೆಂದೂ ಕಟ್ಟೆಮನೆಯೆಂದೂ ಹೆಸರಾದ ಆಟವನ್ನು ಹಳೆಯ ಮೈಸೂರು ಸೀಮೆಯಲ್ಲಿ ಅರಿಯದವರಿಲ್ಲ. ಇದಕ್ಕೆ ಬೇಕಾದದ್ದು ಒಂದು ಸೀಮೆಸುಣ್ಣ, ನಾಲ್ಕು ಕವಡೆಗಳು. ಕವಡೆಯಿಲ್ಲದಿದ್ದರೆ ಇಬ್ಭಾಗವಾಗಿ ಸೀಳಿದ ಹುಣಸೆಬೀಜಗಳು. ಕಾಯಿಗಳ ಸ್ಥಾನದಲ್ಲಿ ಬಳೆಚೂರು, ಕಲ್ಲು, ನಮ್ಮ ಕಡೆ ಕಾಫಿಬೀಜ. ಐದಕ್ಕೆ ಐದರಂತೆ ೨೫ ಮನೆಗಳನ್ನು ಬರೆದರೆ ಹೊರಸುತ್ತಿನಲ್ಲಿ ೧೬, ಒಳಸುತ್ತಿನಲ್ಲಿ ೮, ನಟ್ಟನಡುವೆ ೧ ಮನೆ ದೊರೆಯುತ್ತವೆ. ನಾಲ್ಕು ಪಕ್ಕಗಳ ನಡುಮನೆಗಳಿಗೆ ಗೀಟು ಹಾಕಿದರೆ ಅವು ಕಟ್ಟೆಗಳು. ಕಟ್ಟೆಯಲ್ಲಿರುವ ಕಾಯನ್ನು ಯಾರೂ ಕಡಿಯಲಾಗದು.

ಕವಡೆಗಳನ್ನೆಸೆದಾಗ ಬೀಳುವ ಎಣಿಕೆಗೆ ಗರವೆಂದು ಹೆಸರು. ಬಾಯಿ ಮೇಲಾಗಿ ಬಿದ್ದ ಕವಡೆಗಳು ಎಷ್ಟೋ ಗರವೂ ಅಷ್ಟೇ. ನಾಲ್ಕೂ ಮೇಲಾದರೆ ಚೌಕ, ಅಂದರೆ ೪. ನಾಲ್ಕೂ ಬೋರಲಾದರೆ ಬಾರ, ಅಂದರೆ ೮. ಚೌಕ ಶಬ್ದವು ಸಂಸ್ಕೃತದ ‘ಚತುಷ್ಕ’ದಿಂದ ಪ್ರಾಕೃತದ ಮೂಲಕ ಬಂದುದೆಂಬುದು ಸ್ಪಷ್ಟ. ‘ಬಾರ’ ಎಂಬುದು ಹಿಂದೂಸ್ಥಾನಿಯಲ್ಲಿ ೧೨. ನಮ್ಮ ನಾಲ್ಕು ಕವಡೆಗಳ ಆಟದಲ್ಲಿ ಅದೇ ಹೆಸರು ೮ಕ್ಕೆ ನಿಂತಿದೆ. ಹೆಸರು ಉಳಿದು ಎಣಿಕೆಯು ಬದಲಾಗುವುದು ಆಟಗಳ ಭಾಷೆಯಲ್ಲಿ ವಿರಳವಲ್ಲ.

ಪ್ರತಿಯೊಬ್ಬನ ನಾಲ್ಕು ಕಾಯಿಗಳೂ ತನ್ನ ಕಟ್ಟೆಯಿಂದ ಹೊರಟು ಹೊರಸುತ್ತನ್ನು ಎಡಕ್ಕೆ ಸುತ್ತಿ, ಬಳಿಕ ಒಳಸುತ್ತಿಗೆ ಹೊಕ್ಕು ಬಲಕ್ಕೆ ಸುತ್ತಿ, ನಡುಮನೆಯನ್ನು ಸೇರಬೇಕು. ಎಣಿಸಿದರೆ ಒಟ್ಟು ೨೪ ಹೆಜ್ಜೆಗಳು. ಇದು ಓಟದ ಪಂದ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಓಟದ ನಡುವೆ, ಹದಿನೈದನೆಯ ಹೆಜ್ಜೆಗೂ ಹದಿನಾರನೆಯ ಹೆಜ್ಜೆಗೂ ನಡುವೆ, ಕಣ್ಣಿಗೆ ಕಾಣದ ಒಂದು ಬಾಗಿಲುಂಟು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದವನು ಒಳಮನೆಯನ್ನು ಹೊಗುವಂತಿಲ್ಲ. ಬೇಕಾದಷ್ಟು ಗರ ಬೀಳಲಿ, ಕಾಯಿ ಹೊರಸುತ್ತಿನಲ್ಲಿಯೇ ನಿಲ್ಲಬೇಕು. ಒಂದು ಸಲ ಕಡಿದವನಿಗೆ ಅವನ ಕಾಯಿಗಳಿಗೆಲ್ಲ ಒಳದಾರಿ ತೆರೆಯಿತು.

ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕೆಂದು ಬೇಡುತ್ತೇನೆ. ನೆಲವು ಕಣ್ಣಿಗೆ ಕಾಣುತ್ತದೆ, ಹೊಗಲು ಬಿಡುವುದಿಲ್ಲ, ಗೊತ್ತುಪಡಿಸಿದ ಒಂದು ಸಾಧನೆಯನ್ನು ಮಾಡಿದೊಡನೆ ಬಿಡುತ್ತದೆ, ಬಿಟ್ಟದ್ದು ಆಟ ಮುಗಿಯುವವರೆಗೂ ಮತ್ತೆ ಮುಚ್ಚುವುದಿಲ್ಲ. ಹುಡುಗನ ಚಂದ್ರಲೋಕಕ್ಕೂ ಅಜ್ಜಿಯ ಒಳಮನೆಗೂ ಈ ನಾಲ್ಕು ಲಕ್ಷಣಗಳಲ್ಲಿ ಯಾವುದೊಂದರಲ್ಲಿಯೂ ಭೇದವಿಲ್ಲ. ಆದಕಾರಣ ದ್ವಾರರೂಪದ ಸಾಧನೆಯು ಕನ್ನಡದ ಮಕ್ಕಳಿಗೆ ಪರದೇಶದಿಂದ ಬಂದ ಭಾವವಲ್ಲ. ಹಂಪೆಯ ಮಂಟಪಗಳ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೊರೆದ ಕೈಗಳಿಗೆ ಸಾಲುಮನೆಗಳ ಓಟದ ರುಚಿಯು ತಿಳಿದೇ ಇದ್ದಿತು.

ಎದುರಾಗಿ ಪರಮಪದಸೋಪಾನಪಟವನ್ನು ನೋಡಬಹುದು. ಅದರಲ್ಲಿ ಏಣಿಗಳೂ ಹಾವುಗಳೂ ಇವೆ. ಏಣಿಗೆ ಪುಣ್ಯದ ಹೆಸರು, ಹಾವಿಗೆ ಪಾಪದ ಹೆಸರು. ನೀತಿಯನ್ನು ಬೋಧಿಸುವುದರಲ್ಲಿ ಅದು ಚೌಕಾಬಾರಕ್ಕಿಂತ ಮಿಗಿಲು. ಆದರೆ ಅಲ್ಲಿ ಏಣಿಯನ್ನು ಏರಿಸುವುದು ಗರವೇ ಹೊರತು ಆಡುವವನಲ್ಲ. ಪುಣ್ಯದ ಹೆಸರುಳ್ಳ ಮನೆಗೆ ಯಾವ ಯೋಗ್ಯತೆಯೂ ಇಲ್ಲದೆ ಬಂದು ಬೀಳಬಹುದು. ಹಾಗೆಯೇ ವಾಜಪೇಯಯಾಗದಲ್ಲಿ ರಥಗಳ ಓಟವುಂಟು. ಅಲ್ಲಿ ಯಜಮಾನನೇ ಗೆಲ್ಲತಕ್ಕದ್ದೆಂಬ ವಿಧಿಯಿರುವುದರಿಂದ ಅದು ಕರ್ಮವಾಯಿತೇ ಹೊರತು ಆಟವಾಗಲಿಲ್ಲ. ಒಂದರಲ್ಲಿ ಎಲ್ಲವೂ ದೈವ. ಇನ್ನೊಂದರಲ್ಲಿ ಎಲ್ಲವೂ ವಿಧಿ. ಚೌಕಾಬಾರದಲ್ಲಿ ಗರವು ದೈವದ್ದಾದರೂ ಯಾವ ಕಾಯನ್ನು ನಡೆಸಬೇಕು, ಯಾವಾಗ ಕಟ್ಟೆಯನ್ನು ಬಿಡಬೇಕು, ಯಾರನ್ನು ಕಡಿಯಬೇಕು ಎಂಬುದು ಪುರುಷಪ್ರಯತ್ನ. ಬಾಗಿಲಿಗೆ ಅರ್ಥ ಬರುವುದು ಪ್ರಯತ್ನವಿರುವಲ್ಲಿ ಮಾತ್ರ.

೫. ಅಧಿಕಾರವೆಂಬ ಭಾವ

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳುವುದು ವಾಡಿಕೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇವುಗಳಲ್ಲಿ ಅಧಿಕಾರಿಯೆಂದರೆ ಈಗಿನ ವ್ಯವಹಾರದಂತೆ ಕಚೇರಿಯ ಅಧಿಕಾರಿಯಲ್ಲ. ಆ ಶಾಸ್ತ್ರವನ್ನು ಕಲಿಯಲು ಯೋಗ್ಯತೆಯನ್ನು ಪಡೆದವನು. ಬ್ರಹ್ಮಸೂತ್ರದ ಮೊದಲ ಪದವಾದ ‘ಅಥ’ ಎಂಬುದಕ್ಕೆ ಶಂಕರಾಚಾರ್ಯರು, ಸಾಧನಚತುಷ್ಟಯವು ಸಿದ್ಧಿಸಿದ ಬಳಿಕ ಎಂಬ ಅಭಿಪ್ರಾಯವನ್ನು ಹೇಳಿರುವುದು ವಿದ್ವಾಂಸರಿಗೆ ತಿಳಿದ ವಿಷಯ. ಒಂದು ಸಣ್ಣ ಪದವು ಇಡೀ ಶಾಸ್ತ್ರದ ಬಾಗಿಲಾಗಿ ನಿಂತಿದೆ. ಬ್ರಹ್ಮವಿದ್ಯೆಗೂ ಬಂಡಿಯಾಟಕ್ಕೂ ಹೋಲಿಕೆಯನ್ನು ಕಟ್ಟುವ ಅವಿವೇಕವು ನನ್ನದಲ್ಲ. ಭಾವದ ರಚನೆಯು ಮಾತ್ರ ಒಂದೇ ಎಂಬುದನ್ನು ಗಮನಕ್ಕೆ ತರುತ್ತೇನೆ: ಮುಂದಿನದು ಮುಚ್ಚಿರುವುದು ಶಿಕ್ಷೆಗಾಗಿಯಲ್ಲ, ಹಿಂದಿನದು ಪಕ್ವವಾಗಲೆಂದು.

ಓಟ, ಎಣಿಕೆ, ಅಧಿಕಾರ ಈ ಮೂರೂ ಒಂದೇ ಎಡೆಯಲ್ಲಿ ಕೂಡಿರುವುದಕ್ಕೆ ಮಹಾಭಾರತದ ಅರಣ್ಯಪರ್ವದ ನಳೋಪಾಖ್ಯಾನಕ್ಕಿಂತ ಸೊಗಸಾದ ಉದಾಹರಣೆಯು ಸಿಕ್ಕಲಾರದು. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣರಾಜನ ಸಾರಥಿಯಾಗಿರುತ್ತಾನೆ. ಒಂದೇ ಹಗಲಿನಲ್ಲಿ ವಿದರ್ಭವನ್ನು ಮುಟ್ಟಬೇಕಾಗಿ ಬರುತ್ತದೆ. ರಥವು ಗಾಳಿಯಂತೆ ಓಡುತ್ತಿರುವಾಗ ದಾರಿಯಲ್ಲಿ ಒಂದು ವಿಭೀತಕವೃಕ್ಷವು ಕಾಣುತ್ತದೆ. ನಮ್ಮ ಮಲೆನಾಡಿನವರು ತಾರೆಮರವೆನ್ನುವುದು ಇದನ್ನೇ. ಋತುಪರ್ಣನು ಅದರ ಎಲೆಕಾಯಿಗಳ ಎಣಿಕೆಯನ್ನು ಕಣ್ಣಳತೆಯಿಂದಲೇ ಹೇಳುತ್ತಾನೆ. ನಳನು ನಂಬದೆ, ರಥವನ್ನು ನಿಲ್ಲಿಸಿ ಎಣಿಸಿ ನೋಡಿ ಬೆರಗಾಗುತ್ತಾನೆ. ಆಗ ಅಕ್ಷಹೃದಯವೆಂಬ ವಿದ್ಯೆಗೆ ಬದಲಾಗಿ ಅಶ್ವಹೃದಯವೆಂಬ ವಿದ್ಯೆ ಎಂದು ಇಬ್ಬರೂ ಒಪ್ಪುತ್ತಾರೆ. ಅಕ್ಷಹೃದಯವು ನಳನಿಗೆ ತಿಳಿದೊಡನೆ ಅವನ ಮೈಯಲ್ಲಿದ್ದ ಕಲಿಯು ಹೊರಬೀಳುತ್ತಾನೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಋತುಪರ್ಣನು ರಾಜನು, ನಳನು ಆ ಹೊತ್ತಿಗೆ ಆಳು. ಆದರೂ ವಿದ್ಯೆಗೆ ಬೆಲೆಯಾದದ್ದು ವಿದ್ಯೆಯೇ ಹೊರತು ಹೊನ್ನಲ್ಲ. ಸಾರಥ್ಯದಲ್ಲಿ ಸಿದ್ಧನಾದವನಿಗೆ ಮಾತ್ರ ಎಣಿಕೆಯ ವಿದ್ಯೆಯು ತೆರೆಯಿತು. ಎಣಿಕೆಯು ತೆರೆದ ಮೇಲೆಯೇ ಕಲಿಯು ಬಿಟ್ಟದ್ದು, ಕಳೆದ ರಾಜ್ಯವು ದೊರೆತದ್ದು. ಬಾಗಿಲುಗಳ ಈ ಅನುಕ್ರಮವನ್ನು ಕದಲಿಸಿದರೆ ಕಥೆಯೇ ಉಳಿಯುವುದಿಲ್ಲ.

೬. ಬಾಗಿಲಿಗೆ ಕಟ್ಟಿದ ಬೆಲೆ

ಇಷ್ಟುಮಟ್ಟಿಗೆ ಸಾಮ್ಯವನ್ನು ಹೇಳಿದೆನು. ಭೇದವನ್ನು ಹೇಳದಿದ್ದರೆ ವಿಚಾರವು ಒಕ್ಕಣ್ಣಾದೀತು.

ಹುಡುಗನಿಗೆ ಚಂದ್ರಲೋಕವು ಮೊದಲ ದಿನವೇ ಏಕೆ ದೊರೆಯಬಾರದು? ನಾನು ಅವನನ್ನು ಕೇಳಿದಾಗ ಅವನು ಆಡಿ ತೋರಿಸಿದನು. ನಿಜವಾದ ಚಂದ್ರನ ಮೇಲೆ ಆಕರ್ಷಣವು ಭೂಮಿಯದರ ಸುಮಾರು ಆರರಲ್ಲೊಂದು ಭಾಗ. ಆಟವೂ ಇದನ್ನನುಸರಿಸಿ ಅಲ್ಲಿ ಬಂಡಿಯನ್ನು ಹಗುರವಾಗಿಸಿದೆ. ಸಣ್ಣ ದಿಣ್ಣೆಯಿಂದ ಚಿಮ್ಮಿದ ಜೀಪು ಬಹಳ ಹೊತ್ತು ಗಾಳಿಯಲ್ಲಿಯೇ ತೇಲುತ್ತದೆ. ಹಳ್ಳಿಗಾಡಿನ ಹಾದಿಯ ಕಿರುನೆಗೆತಗಳಲ್ಲಿ ಮೂತಿಯನ್ನು ಏರಿಸಿ ಇಳಿಸುವುದನ್ನು ಕಲಿಯದವನು ಇಲ್ಲಿ ಮೊದಲ ನೆಗೆತದಲ್ಲಿಯೇ ತಲೆಕೆಳಗಾಗುವನು. ಆದಕಾರಣ ಮುಚ್ಚಿದ ಬಾಗಿಲು ಇಲ್ಲಿ ಗುರುವಿನ ಕೆಲಸವನ್ನು ಮಾಡುತ್ತದೆ.

ಆದರೆ ಈ ಬಾಗಿಲು ತೆರೆಯುವುದು ನಾಣ್ಯದಿಂದ. ಆ ನಾಣ್ಯವನ್ನು ಆಡಿಯೂ ಗಳಿಸಬಹುದು, ನಿಜವಾದ ಹಣವನ್ನು ತೆತ್ತೂ ಕೊಳ್ಳಬಹುದು. ಕೊಳ್ಳದೆ ಆಡುವವನಿಗೆ ಅಡ್ಡಿಯೇನೂ ಇಲ್ಲ. ಈ ಕಾಲದ ಅನೇಕ ಆಟಗಳು ನಡೆಯುವುದು ಜಾಹೀರಾತಿನಿಂದಲೂ ಇಂತಹ ಮಾರಾಟದಿಂದಲೂ. ತಯಾರಿಸುವವರೂ ಉಣ್ಣಬೇಕಷ್ಟೆ. ಆದರೂ ಭಾವದ ದೃಷ್ಟಿಯಿಂದ ಇಲ್ಲಿ ದೊಡ್ಡದೊಂದು ವ್ಯತ್ಯಾಸವು ಹುಟ್ಟಿತು. ಗಳಿಸಿದ ನಾಣ್ಯವು ಅಭ್ಯಾಸದ ಗುರುತು. ಇಷ್ಟು ದೂರ ಓಡಿಸಿದ್ದಾನೆಂಬುದಕ್ಕೆ ಅದು ಸಾಕ್ಷಿ. ಕೊಂಡ ನಾಣ್ಯವು ಯಾವುದಕ್ಕೂ ಸಾಕ್ಷಿಯಲ್ಲ. ನೋಡುವುದಕ್ಕೆ ಎರಡೂ ಒಂದೇ. ಬಾಗಿಲಿಗೆ ಅವುಗಳ ಭೇದ ತಿಳಿಯದು.

ಚೌಕಾಬಾರದಲ್ಲಿ ಇದು ಸಾಧ್ಯವೇ ಇಲ್ಲ. ಊರಿನ ಸಾಹುಕಾರನ ಮಗನೂ ಆಳಿನ ಮಗನೂ ಎದುರುಬದುರಾಗಿ ಕುಳಿತರೆ, ಕಡಿಯದೆ ಒಳಗೆ ಹೋಗಲು ಸಾಹುಕಾರನ ಹಣವು ಒದಗುವುದಿಲ್ಲ. ಬೇರೊಂದು ಆಟದಲ್ಲಿ ಇಂತಹ ಬಾಗಿಲುಗಳನ್ನೆಲ್ಲ ಒಂದೇ ಸಂಜೆ ತಂದೆಯ ಹಣದಿಂದ ತೆರೆಸಿಕೊಂಡ ಹುಡುಗನೊಬ್ಬನನ್ನು ನಾನು ಬಲ್ಲೆನು. ಮೂರು ದಿನಗಳಲ್ಲಿ ಅವನಿಗೆ ಆ ಆಟವು ಸಪ್ಪೆಯಾಯಿತು. ಅದೇ ಹುಡುಗನು ನಮ್ಮ ಜಗಲಿಯಲ್ಲಿ ಚೌಕಾಬಾರಕ್ಕೆ ಕುಳಿತು, ಒಂದು ಕಾಯನ್ನೂ ಕಡಿಯಲಾರದೆ ಸಂಜೆಯೆಲ್ಲ ಹೊರಸುತ್ತಿನಲ್ಲಿಯೇ ಸುತ್ತಿದರೂ, ಮರುದಿನ ಬೆಳಗ್ಗೆಯೇ ಬಂದು, “ಇವತ್ತು ಒಳಗೆ ಹೋಗೇ ಹೋಗ್ತೀನಿ” ಎಂದು ಕವಡೆಯನ್ನು ಕೇಳಿದನು. ಮುಚ್ಚಿದ ಬಾಗಿಲಿನ ಮಹಿಮೆಯನ್ನು ನಾನು ಅರಿತದ್ದು ಅಂದು.

ಈ ಭೇದವನ್ನು ಮಕ್ಕಳಿಗೆ ಹೇಳಬೇಕಾದವರು ಉಪಾಧ್ಯಾಯರು. ಹೇಳಬೇಕಾದರೆ ಮಾತು ಬೇಕು. ಗಳಿಸಿ ತೆರೆದದ್ದಕ್ಕೂ ಕೊಂಡು ತೆರೆದದ್ದಕ್ಕೂ ‘ಅನ್‌ಲಾಕ್’ ಎಂಬ ಒಂದೇ ಪದವನ್ನು ಹೇಳುತ್ತಿರುವವರೆಗೆ ಮಗುವಿಗೆ ಅವುಗಳ ಅಂತರವು ಕಾಣುವುದಿಲ್ಲ.

೭. ಪದವಿಚಾರ

ನನ್ನ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಹುಡುಗನ ಉತ್ತರವನ್ನು ಕೇಳಿದ ರಾತ್ರಿಯೇ ನಾನು ‘ಉದ್ಘಾಟನೀಯಲಕ್ಷ್ಯ’ ಎಂಬ ಪದವನ್ನು ಕಲ್ಪಿಸಿ, ಬೆಳಗ್ಗೆ ಬಹಳ ಹೆಮ್ಮೆಯಿಂದ ಅವನಿಗೆ ಒಪ್ಪಿಸಿದೆನು. ಧಾತ್ವರ್ಥದಲ್ಲಿ ದೋಷವಿಲ್ಲ, ಉದ್ಘಾಟನವೆಂದರೆ ತೆರೆಯುವುದೇ. ಹುಡುಗನು ಕೇಳಿ, “ಹಾಗಾದ್ರೆ ಟೇಪು ಕಟ್ ಮಾಡೋಕೆ ಮಂತ್ರಿಗಳು ಬರ್ತಾರಾ ತಾತ?” ಎಂದನು. ಧಾತುಪಾಠವು ಎಷ್ಟೇ ಶುದ್ಧವಾಗಿದ್ದರೂ ರೂಢಿಯು ಅದಕ್ಕಿಂತ ಬಲವತ್ತರವೆಂಬ ವೈಯಾಕರಣರ ಮಾತನ್ನು ಮಗುವಿನ ಬಾಯಿಂದ ಕೇಳಬೇಕಾಯಿತು. ‘ಅಧಿಕಾರ’ ಶಬ್ದಕ್ಕೂ ಅದೇ ಗತಿ. ಭಾವವನ್ನು ವಿವರಿಸಲು ಅದಕ್ಕಿಂತ ತಕ್ಕ ಶಬ್ದವಿಲ್ಲ. ಆದರೆ ಮಕ್ಕಳಿಗೆ ಅದು ಕಚೇರಿಯ ಮೇಜನ್ನು ನೆನಪಿಗೆ ತರುತ್ತದೆ. ಆದಕಾರಣ ಹೊಸ ಪದಗಳನ್ನು ಎರಕಹೊಯ್ಯುವುದನ್ನು ಬಿಟ್ಟು, ಇರುವ ಪದಗಳನ್ನು ಹುಡುಕಲು ತೊಡಗಿದೆನು. ದೊರೆತವುಗಳಲ್ಲಿ ಮುಖ್ಯವಾದವನ್ನು ಕೆಳಗೆ ಹೇಳುತ್ತೇನೆ.

ಘಟ್ಟ: ಆಟದ ಒಂದೊಂದು ಹಂತಕ್ಕೆ ಮಕ್ಕಳು ‘ಲೆವೆಲ್’ ಎನ್ನುತ್ತಾರೆ. ಆ ಆಂಗ್ಲಪದಕ್ಕೆ ಸಮತಲವೆಂಬ ಅರ್ಥವಿರುವುದರಿಂದ ಬೆಟ್ಟವೇರುವ ಆಟದಲ್ಲಿ ಅದು ವಿನೋದವಾಗಿಯೇ ಕೇಳುತ್ತದೆ. ಕನ್ನಡದ ಘಟ್ಟಶಬ್ದಕ್ಕಾದರೋ ಪರ್ವತಮಾರ್ಗವೆಂದೂ ಕಾರ್ಯದ ಒಂದು ಹಂತವೆಂದೂ ಎರಡರ್ಥಗಳು ಬಳಕೆಯಲ್ಲಿವೆ. ಶಿರಾಡಿ ಘಟ್ಟ, ಬಿಸಿಲೆ ಘಟ್ಟ ಎಂದು ದಿನವೂ ನುಡಿಯುವ ಮಕ್ಕಳಿಗೆ ‘ಮೂರನೆಯ ಘಟ್ಟ ಹತ್ತಿದೆ’ ಎಂಬುದನ್ನು ವಿವರಿಸಬೇಕಾಗಿಲ್ಲ.

ಕಟ್ಟೆ: ಆಟದ ನಡುವೆ ಸೋತರೂ ಮೊದಲಿಗೆ ಮರಳದೆ ಅಲ್ಲಿಂದಲೇ ಮತ್ತೆ ಹೊರಡಬಹುದಾದ ಸುರಕ್ಷಿತಸ್ಥಾನಗಳು ಅನೇಕ ಆಟಗಳಲ್ಲಿವೆ. ಚೌಕಾಬಾರದ ಕಟ್ಟೆಯೂ ಭಯವಿಲ್ಲದೆ ನಿಲ್ಲುವ ಎಡೆ. ಅಶ್ವತ್ಥಕಟ್ಟೆಯಲ್ಲಿ ದಣಿವಾರಿಸಿಕೊಳ್ಳುವ ದಾರಿಗನಿಗೂ ಕಾಯಿಗೂ ಒಂದೇ ಪದವು ಒದಗಿರುವುದು ನಮ್ಮ ಭಾಷೆಯ ಸೊಗಸು.

ಹಣ್ಣಾಗುವುದು: ನಡುಮನೆಯನ್ನು ಸೇರಿದ ಕಾಯಿಗೆ ‘ಹಣ್ಣಾಯಿತು’ ಎನ್ನುತ್ತಾರೆ. ಆಟದ ಕಾಯಿಗೂ ಮರದ ಕಾಯಿಗೂ ಒಂದೇ ಹೆಸರಿರುವುದರಿಂದ ಹುಟ್ಟಿದ ಈ ರೂಪಕವನ್ನು ಯಾವ ಕವಿಯು ಕಟ್ಟಿದನೋ, ಅದು ಜನದ ಸೊತ್ತಾಗಿದೆ. ಸಾಧನೆಯು ಪೂರ್ಣವಾದುದನ್ನು ಹೇಳಲು ಇದಕ್ಕಿಂತ ಮೇಲಾದ ಮಾತನ್ನು ನಾನು ಸಂಸ್ಕೃತದಲ್ಲಿಯೂ ಕಾಣೆ. ‘ಸಿದ್ಧಿ’ಯಲ್ಲಿ ಕಾಲದ ಪರಿಪಾಕವು ಇಷ್ಟು ಚೆನ್ನಾಗಿ ತೋರುವುದಿಲ್ಲ. ಕೀರ್ತಿರೂಪದ ಸಾಧನೆಗಳಿಗೆ ಈ ಮಾತೇ ಸಾಕು.

ಉಣುಗೋಲು: ಮಲೆನಾಡಿನ ತೋಟಗದ್ದೆಗಳಿಗೆ ಬಾಗಿಲು ಇದೇ. ಎರಡು ಗೂಟಗಳಲ್ಲಿ ತೂತುಗಳನ್ನು ಕೊರೆದು, ಅಡ್ಡಲಾಗಿ ಗಳುಗಳನ್ನು ಒಂದರ ಮೇಲೊಂದು ತೂರಿಸಿರುತ್ತಾರೆ. ಬೀಗವಿಲ್ಲ, ಕೀಲಿಕೈಯಿಲ್ಲ. ಹೋಗಬೇಕಾದವನು ಒಂದೊಂದೇ ಗಳುವನ್ನು ಸರಿಸಬೇಕು. ಒಂದು ಉಳಿದರೂ ಬಂಡಿಯು ಒಳಗೆ ಹೋಗದು. ಸಾಧನೆಗಳನ್ನು ಒಂದೊಂದಾಗಿ ಮುಗಿಸಿ ಮುಂದಿನ ನೆಲವನ್ನು ತೆರೆಯುವುದಕ್ಕೆ ಬೀಗಕ್ಕಿಂತ ಇದೇ ಸರಿಯಾದ ಉಪಮಾನ. ಬೀಗವನ್ನು ಕೀಲಿಕೈ ಇರುವ ಯಾರೂ ತೆರೆಯಬಹುದು. ಗಳುವನ್ನು ಕೈಯಿಂದ ಎತ್ತಿಯೇ ಸರಿಸಬೇಕು.

ಇದರಿಂದ ನಾವು ಹುಡುಕುತ್ತಿದ್ದ ವಿವೇಕವೂ ತಾನಾಗಿ ದೊರೆಯಿತು. ಗಳಿಸಿ ತೆರೆದದ್ದು ‘ಉಣುಗೋಲು ಸರಿಸಿದ್ದು’. ಹಣ ಕೊಟ್ಟು ತೆರೆದದ್ದು ‘ಬೀಗ ಕೊಂಡದ್ದು’. ಈ ಎರಡು ಮಾತುಗಳನ್ನು ಹುಡುಗನಿಗೆ ಹೇಳಿ ಸುಮ್ಮನಾದೆನು. ನಾಲ್ಕು ದಿನಗಳ ಮೇಲೆ ಅವನು ಗೆಳೆಯನೊಡನೆ ಜಗಳವಾಡುತ್ತ, “ನೀನು ಬೀಗ ಕೊಂಡಿದ್ದು ಕಣೋ, ನಾನು ಒಂದೊಂದೇ ಗಳು ಸರಿಸಿದ್ದೀನಿ” ಎನ್ನುತ್ತಿದ್ದುದನ್ನು ಒಳಗಿನಿಂದ ಕೇಳಿದೆನು. ಪದವು ನೆಲಕ್ಕೆ ಬಿದ್ದು ಮೊಳೆತದ್ದನ್ನು ಕಂಡ ಸಂತೋಷವನ್ನು ಪಂಡಿತರಾದವರೆಲ್ಲರೂ ಊಹಿಸಿಕೊಳ್ಳಬಲ್ಲರು.

೮. ಉಪಸಂಹಾರ

ಮೇಲಿನ ವಿಚಾರದಿಂದ ಎರಡು ಸಂಗತಿಗಳು ಸಿದ್ಧಪಡುತ್ತವೆ. ಸಾಧನೆಯಿಂದ ಮುಂದಿನ ನೆಲಕ್ಕೆ ಅಧಿಕಾರವನ್ನು ಪಡೆಯುವ ಭಾವವು ನಮ್ಮ ಆಟದಲ್ಲಿಯೂ ಕಥೆಯಲ್ಲಿಯೂ ಶಾಸ್ತ್ರದಲ್ಲಿಯೂ ಮೊದಲಿಂದ ಇದ್ದುದು. ಹೊಸದಾಗಿರುವುದು ಬಾಗಿಲಲ್ಲ, ಬಾಗಿಲಿಗೆ ಕಟ್ಟಿದ ಬೆಲೆ. ಈ ಹೊಸತನ್ನು ಕಂಡು ಹೇಳಲು ಬೇಕಾದ ಮಾತುಗಳೂ ನಮ್ಮಲ್ಲಿ ಇದ್ದೇ ಇವೆ. ಅವು ನಿಘಂಟುಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಜಗಲಿಯಲ್ಲಿಯೂ ತೋಟದ ದಾರಿಯಲ್ಲಿಯೂ ಇವೆ.

ಆದರೆ ಬಹಳ ಕಾಲ ಇರಲಾರವು. ತೋಟಗಳಿಗೆ ಕಬ್ಬಿಣದ ಗೇಟುಗಳು ಬಂದಂತೆಲ್ಲ ಉಣುಗೋಲೆಂಬ ಮಾತು ಮರೆಯಾಗುತ್ತಿದೆ. ಗಾರೆಯ ಜಗಲಿಗಳು ಹೋದಂತೆಲ್ಲ ಕಟ್ಟೆ, ಗರ, ಹಣ್ಣು ಎಂಬವುಗಳ ಆಟದರ್ಥಗಳು ಅಳಿಯುತ್ತಿವೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಮಣೆಯಾಟಗಳನ್ನು ಹೊಸದಾಗಿ ಮಾಡಿಸಿ ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳನ್ನು ನಡೆಸಿ ಉಪಕಾರ ಮಾಡಿದ್ದಾರೆ. ಮಣೆಯು ಉಳಿದಂತೆ ಮಾತೂ ಉಳಿಯಬೇಕಾದರೆ ಅದು ಉಪಾಧ್ಯಾಯರ ಕೈಯಲ್ಲಿದೆ. ತಮ್ಮ ತಮ್ಮ ಸೀಮೆಯಲ್ಲಿ ಚೌಕಾಬಾರ, ಪಗಡೆ, ಅಳಗುಳಿಮಣೆಗಳನ್ನು ಆಡುವ ಹಿರಿಯರ ಬಾಯಿಂದ ಆಟದ ಮಾತುಗಳನ್ನು ಬರೆದುಕೊಂಡು, ಯಾವ ಊರು, ಯಾವ ಆಟ, ಯಾವ ಸಂದರ್ಭ ಎಂಬುದರೊಡನೆ ಈ ಪತ್ರಿಕೆಗೆ ಕಳುಹಿಸಬೇಕೆಂದು ಅರಿಕೆಮಾಡಿಕೊಳ್ಳುತ್ತೇನೆ. ಮಕ್ಕಳ ಕೈಯ ಮೊಬೈಲನ್ನು ಕಸಿದುಕೊಳ್ಳುವುದಕ್ಕಿಂತ, ಅದರಲ್ಲಿ ಆಡುವ ಆಟಕ್ಕೆ ನಮ್ಮ ಮಾತನ್ನು ಕೊಡುವುದು ಹೆಚ್ಚು ಫಲಕಾರಿ ಎಂಬುದು ನನ್ನ ಅನುಭವ. ಮೊದಲು ನಾನೂ ಕಸಿದುಕೊಂಡವನೇ.

ಈ ಲೇಖನವನ್ನು ಮುಗಿಸುತ್ತಿರುವಾಗ ಹುಡುಗನು ಬಂದು, ಹಿಮದ ನೆಲದ ಕಡೆಯ ಗಳು ಸರಿಯಿತೆಂದು ಹೇಳಿ ಹೋದನು. ಕನ್ನಡದಲ್ಲಿಯೇ ಹೇಳಿದನು.